ದೊಡ್ಡ ಪರದೆಯ ಟಿವಿ: ಅಂಗಡಿಗೆ ಹೋಗುವ ಮೊದಲು ಮನೆಯನ್ನು ಅಳೆಯಿರಿ

ಶೋರೂಮಿನ ಎತ್ತರದ ಚಾವಣಿಯ ಕೆಳಗೆ, ಹತ್ತಾರು ಟಿವಿಗಳ ಸಾಲಿನಲ್ಲಿ ಸಾಧಾರಣ ಗಾತ್ರದ್ದೆಂದು ಕಂಡ ಪರದೆ ಮನೆಯ ಗೋಡೆಗೆ ಬಂದಾಗ ಕೋಣೆಯನ್ನೇ ಆವರಿಸಿಬಿಡುತ್ತದೆ. ಅಲ್ಲಿ ಮಿರುಗುತ್ತಿದ್ದ ಚಿತ್ರ ಇಲ್ಲಿ ಸಂಜೆಯ ವಾರ್ತೆಗೆ ಮಸುಕಾಗುತ್ತದೆ, ಪಾತ್ರಗಳ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ, ಹಗಲಿನಲ್ಲಿ ಪರದೆಗಿಂತ ಎದುರಿನ ಕಿಟಕಿಯೇ ಹೆಚ್ಚು ಕಾಣುತ್ತದೆ. ದೊಡ್ಡ ಟಿವಿ ಕೊಂಡ ಅನೇಕ ಕುಟುಂಬಗಳು ಹೇಳುವ ಈ ತೊಡಕುಗಳಿಗೆ ಬಹುಮಟ್ಟಿಗೆ ಟಿವಿಯ ದೋಷ ಕಾರಣವಲ್ಲ. ಕೋಣೆಯ ಅಳತೆ, ಅಲ್ಲಿನ ಬೆಳಕು, ಮನೆಯವರು ನೋಡುವ ಕಾರ್ಯಕ್ರಮಗಳು ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರು ಮತ್ತು ಅಂಕಿಗಳನ್ನು ಮಾತ್ರ ನೋಡಿ ಆಯ್ಕೆ ಮಾಡಿದುದರ ಫಲವೇ ಹೆಚ್ಚು.

ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. 1982ರಲ್ಲಿ ಬಣ್ಣದ ಪ್ರಸಾರ ಬಂದಿತು. ಪಿಕ್ಚರ್ ಟ್ಯೂಬಿನ ಆ ಕಾಲದಲ್ಲಿ ಪರದೆ ದೊಡ್ಡದಾದಷ್ಟೂ ಪೆಟ್ಟಿಗೆ ಹಿಂದಕ್ಕೆ ಬೆಳೆದು ಭಾರವಾಗುತ್ತಿದ್ದುದರಿಂದ ಗಾತ್ರಕ್ಕೊಂದು ಸಹಜ ಮಿತಿಯಿತ್ತು, ಎಲ್ಲ ಟಿವಿಗಳೂ ಒಂದೇ ಗುಣಮಟ್ಟದ ಪ್ರಸಾರವನ್ನು ತೋರಿಸುತ್ತಿದ್ದುದರಿಂದ ಆಯ್ಕೆಯೂ ಸುಲಭವಾಗಿತ್ತು. ಚಪ್ಪಟೆ ಪರದೆಗಳು ಬಂದ ಮೇಲೆ ಆ ಮಿತಿ ಕಳಚಿತು. ಈಗ ಟಿವಿಯ ಗಾತ್ರಕ್ಕೆ ಮಿತಿ ಹಾಕುವುದು ಮನೆಯ ಕೋಣೆ ಮತ್ತು ಮನುಷ್ಯನ ಕಣ್ಣು.

ಮೂಲ ಸೂತ್ರ: ಆಮೇಲೆ ಬದಲಿಸಲಾಗದ್ದಕ್ಕೆ ಮೊದಲ ಹಣ

ಟಿವಿಯ ಗುಣಗಳನ್ನು ಎರಡು ಗುಂಪಾಗಿ ನೋಡಿದರೆ ಆಯ್ಕೆಯ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ. ಪರದೆಯ ಗಾತ್ರ, ಪ್ಯಾನೆಲ್‌ನ ಬಗೆ, ಅದರ ಹೊಳಪು, ಅದು ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸಬಲ್ಲದು ಎಂಬುದು ಮತ್ತು ಹಿಂಬದಿಯ ಪೋರ್ಟ್‌ಗಳು ಮೊದಲ ಗುಂಪಿನವು. ಕೊಂಡ ದಿನ ಇವು ಹೇಗಿದ್ದವೋ ಟಿವಿ ಇರುವಷ್ಟು ಕಾಲವೂ ಹಾಗೆಯೇ ಇರುತ್ತವೆ. ಧ್ವನಿ, ಆ್ಯಪ್‌ಗಳು, ಧ್ವನಿಯ ಮೂಲಕ ಆದೇಶ ಕೊಡುವ ಸೌಲಭ್ಯ ಮೊದಲಾದವು ಎರಡನೆಯ ಗುಂಪಿನವು. ಒಂದು ಸೌಂಡ್‌ಬಾರ್ ಅಥವಾ ಎಚ್‌ಡಿಎಂಐ ಪೋರ್ಟ್‌ಗೆ ಚುಚ್ಚುವ ಒಂದು ಸ್ಟ್ರೀಮಿಂಗ್ ಸ್ಟಿಕ್‌ನಿಂದ ಇವನ್ನು ಯಾವಾಗ ಬೇಕಾದರೂ ಉತ್ತಮಪಡಿಸಿಕೊಳ್ಳಬಹುದು. ಆದುದರಿಂದ ಮಿತವಾದ ಹಣವಿರುವ ಕುಟುಂಬ ಮೊದಲ ಗುಂಪಿನ ಗುಣಗಳಿಗೇ ಅದನ್ನು ವಿನಿಯೋಗಿಸುವುದು ಲೇಸು. ಮುಂದಿನ ಹೆಜ್ಜೆಗಳು ಇದೇ ಕ್ರಮದಲ್ಲಿವೆ.

1. ಕೂರುವ ದೂರವನ್ನು ಅಳೆದು ಗಾತ್ರ ನಿರ್ಧರಿಸುವುದು

ಟಿವಿಯ ಗಾತ್ರವೆಂದು ಹೇಳುವ ಇಂಚು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗಿರುವ ಓರೆ ಅಳತೆ, ಎಂದರೆ ಕರ್ಣದ ಉದ್ದ. ಇಂದಿನ ಟಿವಿಗಳ ಅಗಲ ಮತ್ತು ಎತ್ತರಗಳ ಅನುಪಾತ 16:9 ಆಗಿರುವುದರಿಂದ, 43 ಇಂಚಿನ ಪರದೆ ಸುಮಾರು 95 ಸೆಂ.ಮೀ. ಅಗಲ ಮತ್ತು 54 ಸೆಂ.ಮೀ. ಎತ್ತರ, 55 ಇಂಚಿನದು 122 ಮತ್ತು 68, 65 ಇಂಚಿನದು 144 ಮತ್ತು 81, 75 ಇಂಚಿನದು 166 ಮತ್ತು 93 ಸೆಂ.ಮೀ. ಇರುತ್ತದೆ. 55ರಿಂದ 65ಕ್ಕೆ ಹೋದಾಗ ಇಂಚಿನ ಲೆಕ್ಕದಲ್ಲಿ ಹೆಚ್ಚಳ ಹತ್ತೇ ಆದರೂ ಪರದೆಯ ವಿಸ್ತೀರ್ಣ ಸುಮಾರು ಶೇ. 40ರಷ್ಟು ಹೆಚ್ಚುತ್ತದೆ. ಅಂಗಡಿಯಲ್ಲಿ ಅಂದಾಜು ತಪ್ಪುವುದು ಇಲ್ಲಿಯೇ.

ಪರದೆ ಕಣ್ಣಿನ ನೋಟದಲ್ಲಿ ಸುಮಾರು 30 ಡಿಗ್ರಿಗಳಷ್ಟು ಅಗಲವನ್ನು ತುಂಬಿದರೆ ಸಿನಿಮಾ ಮತ್ತು ಕ್ರೀಡೆ ನೋಡಲು ಹಿತವಾಗಿರುತ್ತದೆ ಎಂಬುದು ಚಲನಚಿತ್ರ ತಂತ್ರಜ್ಞರು ಬಹುಕಾಲದಿಂದ ಬಳಸುತ್ತಿರುವ ಅಳತೆ. ಇದನ್ನು ಮನೆಯ ಲೆಕ್ಕಕ್ಕೆ ಇಳಿಸುವುದು ಸುಲಭ: ಕೂತವರ ಕಣ್ಣಿನಿಂದ ಪರದೆಯವರೆಗಿನ ದೂರವನ್ನು ಇಂಚಿನಲ್ಲಿ ಅಳೆದು 1.6ರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ತಕ್ಕ ಗಾತ್ರ. ವಾರ್ತೆ, ಧಾರಾವಾಹಿಗಳೇ ಹೆಚ್ಚಾಗಿದ್ದರೆ 2ರಿಂದ ಭಾಗಿಸುವುದು ಸಾಕು.

10 ಅಡಿ ಅಗಲ, 12 ಅಡಿ ಉದ್ದದ ಹಾಲ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಿರಿದಾದ ಗೋಡೆಗೆ ಟಿವಿ ಹಾಕಿ ಎದುರು ಗೋಡೆಗೆ ಸೋಫಾ ಇಟ್ಟರೆ, ಕೂತವರ ತಲೆ ಗೋಡೆಯಿಂದ ಒಂದೂವರೆ ಅಡಿ ಮುಂದಿರುವುದನ್ನೂ ಟಿವಿ ಗೋಡೆಯಿಂದ ತುಸು ಹೊರಗಿರುವುದನ್ನೂ ಕಳೆದು, ನೋಟದ ದೂರ ಸುಮಾರು 10 ಅಡಿ, ಎಂದರೆ 120 ಇಂಚು ಉಳಿಯುತ್ತದೆ. ಇದಕ್ಕೆ 60ರಿಂದ 75 ಇಂಚಿನ ನಡುವಿನ ಪರದೆ ಒಗ್ಗುತ್ತದೆ. ಅದೇ ಹಾಲ್‌ನಲ್ಲಿ ಉದ್ದ ಗೋಡೆಗೆ ಟಿವಿ ಹಾಕಿದರೆ ದೂರ 8 ಅಡಿಗೆ, ಎಂದರೆ 96 ಇಂಚಿಗೆ ಇಳಿಯುವುದರಿಂದ 50 ಅಥವಾ 55 ಇಂಚು ಸಾಕು, 65 ಅದರ ಮೇಲಿನ ಮಿತಿಗೂ ಮೀರಿದ್ದು. ಹಾಲ್ ಬದಲಾಗದಿದ್ದರೂ ಗೋಡೆ ಬದಲಾದರೆ ಟಿವಿಯ ಗಾತ್ರ ಬದಲಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಲೆಕ್ಕ ಮುಗಿದ ಮೇಲೆ ಕಣ್ಣಿನ ಒಪ್ಪಿಗೆಯೂ ಬೇಕು. ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಆಯ್ದ ಗಾತ್ರದ ಅಗಲ ಮತ್ತು ಎತ್ತರಕ್ಕೆ ಸರಿಯಾಗಿ ಜೋಡಿಸಿ ಗೋಡೆಗೆ ಅಂಟಿಸಿ, ಎರಡು ಮೂರು ದಿನ ಹಾಗೆಯೇ ಬಿಟ್ಟರೆ, ಬಾಗಿಲು ತೆರೆಯಲು ಅಡ್ಡಿಯಾಗುತ್ತದೆಯೇ, ಶೋಕೇಸಿನ ಬಾಗಿಲಿಗೆ ತಾಗುತ್ತದೆಯೇ, ಸ್ವಿಚ್‌ಬೋರ್ಡ್ ಮುಚ್ಚಿಹೋಗುತ್ತದೆಯೇ ಎಂಬುದೆಲ್ಲ ಟಿವಿ ಮನೆಗೆ ಬರುವ ಮೊದಲೇ ಗೊತ್ತಾಗುತ್ತದೆ.

2. ಮನೆಯವರು ನೋಡುವುದು ಏನು ಎಂಬುದನ್ನು ಪಟ್ಟಿ ಮಾಡುವುದು

ಪರದೆಯ ಮೇಲಿನ ಚಿತ್ರ ಪಿಕ್ಸೆಲ್ ಎಂಬ ಸಣ್ಣ ಬಿಂದುಗಳಿಂದ ಆಗಿರುತ್ತದೆ. ಸಾಮಾನ್ಯ ಗುಣಮಟ್ಟದ, ಎಂದರೆ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720 ಅಡ್ಡಬಿಂದುಗಳೂ 576 ಸಾಲುಗಳೂ ಇರುತ್ತವೆ. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080, 4ಕೆಯಲ್ಲಿ 3840 ಮತ್ತು 2160. ಗುಣಿಸಿ ನೋಡಿದರೆ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಬಿಂದುಗಳಿದ್ದು, ಅದು ಎಸ್‌ಡಿ ಚಿತ್ರದ 20 ಪಟ್ಟು. ಕೇಬಲ್ ಅಥವಾ ಡಿಶ್‌ನಿಂದ ಎಸ್‌ಡಿ ಚಾನೆಲ್ ಬಂದಾಗ, ಬಂದ ಒಂದೊಂದು ಬಿಂದುವಿನಿಂದ 20 ಬಿಂದುಗಳನ್ನು ಟಿವಿಯೊಳಗಿನ ಪ್ರೊಸೆಸರ್ ಊಹಿಸಿ ತುಂಬಬೇಕಾಗುತ್ತದೆ. ಈ ಕೆಲಸಕ್ಕೆ ಅಪ್‌ಸ್ಕೇಲಿಂಗ್ ಎಂದು ಹೆಸರು. ಮೂಲದಲ್ಲಿ ಇಲ್ಲದ ವಿವರವನ್ನು ಯಾವ ಪ್ರೊಸೆಸರೂ ನಿಜವಾಗಿ ತರಲಾರದು. ಉತ್ತಮವಾದುದು ಅಂಚುಗಳನ್ನು ನಯಗೊಳಿಸಿ ತೋರಿಸುತ್ತದೆ, ಅಗ್ಗವಾದುದು ಮುಖಗಳನ್ನು ಮೇಣದಂತೆ ಮಾಡಿಬಿಡುತ್ತದೆ.

ದಿನದ ಬಹುಪಾಲು ಎಸ್‌ಡಿ ಚಾನೆಲ್‌ಗಳನ್ನೇ ನೋಡುವ ಮನೆಗೆ ತೀರಾ ದೊಡ್ಡ ಪರದೆ ಸಮಾಧಾನ ಕೊಡದಿರುವುದಕ್ಕೆ ಕಾರಣ ಇದೇ. ಇಂಥ ಮನೆಯವರು ತಮ್ಮ ಮೆಚ್ಚಿನ ಚಾನೆಲ್‌ಗಳಿಗೆ ಎಚ್‌ಡಿ ಆವೃತ್ತಿ ಇದೆಯೇ ಎಂದು ನೋಡಿ, ಇದ್ದರೆ ಎಚ್‌ಡಿ ಸೆಟ್‌ಟಾಪ್ ಬಾಕ್ಸಿಗೆ ಬದಲಾಗುವುದು, ಟಿವಿಯ ಮೇಲೆ ಇನ್ನಷ್ಟು ಸಾವಿರ ಸುರಿಯುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಬಿಂದುಗಳ ಸಂಖ್ಯೆ ಹೆಚ್ಚಿದಷ್ಟೂ ಲಾಭ ಹೆಚ್ಚುತ್ತಲೇ ಹೋಗುವುದಿಲ್ಲ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸೂಕ್ಷ್ಮವಾದ ವಿವರವನ್ನು ಬಿಡಿಸಿ ನೋಡಲಾರದು ಎಂಬ ಅಳತೆಯಿಂದ ಲೆಕ್ಕ ಹಾಕಿದರೆ, 55 ಇಂಚಿನ ಪರದೆಯಲ್ಲಿ ಸುಮಾರು 7 ಅಡಿಗಿಂತ ದೂರ ಕೂತವರಿಗೆ ಫುಲ್ ಎಚ್‌ಡಿ ಮತ್ತು 4ಕೆಗಳ ಬಿಂದುಗಳ ನಡುವಿನ ವ್ಯತ್ಯಾಸ ಹೆಚ್ಚಾಗಿ ತಿಳಿಯುವುದಿಲ್ಲ; 65 ಇಂಚಿನಲ್ಲಿ ಈ ದೂರ ಎಂಟೂವರೆ ಅಡಿ. ದೊಡ್ಡ ಗಾತ್ರದ ಟಿವಿಗಳು ಈಗ ಬಹುತೇಕ 4ಕೆಯಲ್ಲೇ ಬರುವುದರಿಂದ ಅದನ್ನು ಕೊಳ್ಳುವುದು ಸರಿಯೇ. ಆದರೆ 8ಕೆ ಎಂಬ ಹೆಸರಿಗಾಗಿ ಹೆಚ್ಚು ಹಣ ಕೊಡುವುದಕ್ಕೆ ಸಾಮಾನ್ಯ ಮನೆಯ ಹಾಲ್‌ನಲ್ಲಿ ಕಾರಣವಿಲ್ಲ, ಆ ಗುಣಮಟ್ಟದ ಕಾರ್ಯಕ್ರಮಗಳೂ ಇಲ್ಲವೆನ್ನುವಷ್ಟು ವಿರಳ.

ಒಟಿಟಿಯಲ್ಲಿ 4ಕೆ ನೋಡಬಯಸುವವರು ಇನ್ನೆರಡು ಲೆಕ್ಕ ಇಡಬೇಕು: ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ವೇಗ ನಿರಂತರವಾಗಿ ದೊರೆಯುವ ಇಂಟರ್‌ನೆಟ್ ಬೇಕು, ಗಂಟೆಗೆ ಸುಮಾರು 7 ಜಿಬಿಯವರೆಗೆ ಡೇಟಾ ಖರ್ಚಾಗುತ್ತದೆ. ಕೆಲವು ಸೇವೆಗಳಲ್ಲಿ 4ಕೆ ದೊರೆಯುವುದು ದುಬಾರಿ ಚಂದಾದಲ್ಲಿ ಮಾತ್ರ.

3. ಕೋಣೆಯ ಬೆಳಕು ಮತ್ತು ಕೂರುವ ಜಾಗಕ್ಕೆ ತಕ್ಕ ಪ್ಯಾನೆಲ್ ಆರಿಸುವುದು

ಎಲ್‌ಇಡಿ ಟಿವಿ ಎಂದು ಮಾರುವುದರಲ್ಲಿ ಚಿತ್ರ ಮೂಡಿಸುವುದು ದ್ರವಸ್ಫಟಿಕದ, ಎಂದರೆ ಎಲ್‌ಸಿಡಿಯ ಪದರ. ಎಲ್‌ಇಡಿಗಳು ಅದರ ಹಿಂದೆ ಅಥವಾ ಅಂಚಿನಲ್ಲಿದ್ದು ಬೆಳಕು ಕೊಡುತ್ತವೆ. ಹಿಂದಿನ ಬೆಳಕು ಸದಾ ಉರಿಯುತ್ತಿರುವುದರಿಂದ ಕಪ್ಪು ಬಣ್ಣ ಪೂರ್ತಿ ಕಪ್ಪಾಗದೆ ಬೂದಿಯ ಛಾಯೆ ಪಡೆಯುತ್ತದೆ. ಕ್ಯೂಎಲ್‌ಇಡಿ ಎಂಬುದು ಇದೇ ಬಗೆಯ ಟಿವಿ. ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಪದರದಿಂದಾಗಿ ಅದರ ಬಣ್ಣಗಳು ಹೆಚ್ಚು ಶುದ್ಧವಾಗಿರುತ್ತವೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಬಹಳ ಸಣ್ಣವಾಗಿದ್ದು, ಅವನ್ನು ನೂರಾರು ವಲಯಗಳಾಗಿ ವಿಂಗಡಿಸಿ, ಚಿತ್ರದ ಕತ್ತಲ ಭಾಗದ ಹಿಂದಿನ ವಲಯವನ್ನು ಮಾತ್ರ ಮಂಕಾಗಿಸಬಹುದು. ಲೋಕಲ್ ಡಿಮ್ಮಿಂಗ್ ಎನ್ನುವುದು ಈ ವ್ಯವಸ್ಥೆಗೆ.

ಒಎಲ್‌ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ನಿಜವಾದ ಕಪ್ಪಾಗಿರುತ್ತದೆ, ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಆದರೆ ಒಂದೇ ಆಕೃತಿ ದಿನಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅಲ್ಲಿನ ಬಿಂದುಗಳು ಬೇರೆಯವುಗಳಿಗಿಂತ ಬೇಗ ಸವೆದು ಅಳಿಯದ ಗುರುತು ಉಳಿಯುವ ಅಪಾಯ ಅದರಲ್ಲಿದೆ. ಸುದ್ದಿ ಚಾನೆಲ್‌ನ ಲೋಗೊ ಮತ್ತು ಕೆಳಗಿನ ಸುದ್ದಿಪಟ್ಟಿ ಬೆಳಗಿನಿಂದ ರಾತ್ರಿಯವರೆಗೆ ಪರದೆಯ ಮೇಲೆಯೇ ಇರುವ ಮನೆಗೆ ಒಎಲ್‌ಇಡಿ ತಕ್ಕುದಲ್ಲ. ಕತ್ತಲೆ ಮಾಡಿಕೊಂಡು ಸಿನಿಮಾ ನೋಡುವ ಹವ್ಯಾಸವಿರುವವರಿಗೆ ಅದಕ್ಕಿಂತ ಉತ್ತಮವಾದುದು ಸಿಗುವುದು ಕಷ್ಟ.

ಎಲ್‌ಸಿಡಿ ಪದರದಲ್ಲೂ ಎರಡು ಮುಖ್ಯ ಬಗೆಗಳಿವೆ. ವಿಎ ಎಂಬ ಬಗೆಯಲ್ಲಿ ಅತಿ ಬೆಳಕಿಗೂ ಅತಿ ಕತ್ತಲೆಗೂ ಇರುವ ಅನುಪಾತ, ಎಂದರೆ ಕಾಂಟ್ರಾಸ್ಟ್, ಸುಮಾರು 3000:1 ಅಥವಾ ಅದಕ್ಕೂ ಹೆಚ್ಚಿದ್ದು ರಾತ್ರಿಯ ದೃಶ್ಯಗಳು ಚೆನ್ನಾಗಿ ಕಾಣುತ್ತವೆ, ಆದರೆ ಪಕ್ಕಕ್ಕೆ ಸರಿದಂತೆ ಬಣ್ಣ ತೆಳುವಾಗುತ್ತದೆ. ಐಪಿಎಸ್ ಎಂಬ ಬಗೆಯಲ್ಲಿ ಕಾಂಟ್ರಾಸ್ಟ್ ಸುಮಾರು 1000:1 ಇದ್ದರೂ ಬದಿಯಿಂದ ನೋಡುವವರಿಗೂ ಬಣ್ಣ ಹೆಚ್ಚು ಕೆಡುವುದಿಲ್ಲ. ಹಬ್ಬದ ದಿನ ಅಥವಾ ಕ್ರಿಕೆಟ್ ಪಂದ್ಯದ ವೇಳೆ ಹಾಲ್‌ನ ಮೂರು ಬದಿಗೂ ಜನ ಕೂರುವ, ಕೆಲವರು ನೆಲದ ಮೇಲೆ ಚಾಪೆ ಹಾಸಿ ಕೂರುವ ಮನೆಯಲ್ಲಿ ಅಗಲವಾದ ನೋಟದ ಕೋನಕ್ಕೆ ಬೆಲೆ ಹೆಚ್ಚು. ಎದುರಿಗೆ ಒಂದೇ ಸೋಫಾ ಇರುವ ಮನೆಯಲ್ಲಿ ಕಾಂಟ್ರಾಸ್ಟ್‌ಗೆ ಬೆಲೆ ಹೆಚ್ಚು.

4. ಹೊಳಪು, ಎಚ್‌ಡಿಆರ್ ಮತ್ತು ಚಲನೆಯ ಅಂಕಿಗಳನ್ನು ಓದುವುದು

ಪರದೆಯ ಹೊಳಪನ್ನು ನಿಟ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದೇ ದೃಶ್ಯದಲ್ಲಿ ದೀಪದ ಜ್ವಾಲೆಯ ಪ್ರಖರತೆಯನ್ನೂ ನೆರಳಿನೊಳಗಿನ ವಿವರವನ್ನೂ ತೋರಿಸುವ ವಿಧಾನಕ್ಕೆ ಎಚ್‌ಡಿಆರ್ ಎಂದು ಹೆಸರು. ಎಚ್‌ಡಿಆರ್10, ಎಚ್‌ಎಲ್‌ಜಿ, ಡಾಲ್ಬಿ ವಿಷನ್ ಮೊದಲಾದವು ಅದರ ರೂಪಗಳು. ಇದಕ್ಕೆ ಹೊಳಪೂ ಲೋಕಲ್ ಡಿಮ್ಮಿಂಗೂ ಬೇಕಾಗುವುದರಿಂದ, 250 ಅಥವಾ 300 ನಿಟ್ಸ್‌ನ ಸಾದಾ ಟಿವಿಯ ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಬರೆದಿದ್ದರೆ, ಅದು ಆ ಸಂಕೇತವನ್ನು ಸ್ವೀಕರಿಸಬಲ್ಲದು ಎಂದಷ್ಟೇ ತಿಳಿಯಬೇಕು. ಹಗಲಿನಲ್ಲಿ ಬೆಳಕು ತುಂಬುವ ಹಾಲ್‌ಗೆ ಹೆಚ್ಚು ಹೊಳಪಿನ ಪರದೆ ಅಗತ್ಯ.

ಸೆಕೆಂಡಿಗೆ ಪರದೆ ಎಷ್ಟು ಬಾರಿ ಚಿತ್ರ ಬದಲಿಸಬಲ್ಲದು ಎಂಬುದನ್ನು ರಿಫ್ರೆಶ್ ರೇಟ್ ಎಂದೂ ಅದರ ಮಾನವನ್ನು ಹರ್ಟ್ಜ್ ಎಂದೂ ಕರೆಯುತ್ತಾರೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ತಯಾರಾಗಿರುತ್ತದೆ. 60 ಹರ್ಟ್ಜ್ ಪರದೆಯಲ್ಲಿ ಒಂದು ಚಿತ್ರವನ್ನು ಮೂರು ಬಾರಿ, ಮುಂದಿನದನ್ನು ಎರಡು ಬಾರಿ ತೋರಿಸಬೇಕಾಗುವುದರಿಂದ ಕ್ಯಾಮೆರಾ ನಿಧಾನವಾಗಿ ತಿರುಗುವ ದೃಶ್ಯಗಳಲ್ಲಿ ಸಣ್ಣ ಕುಲುಕು ಕಾಣುತ್ತದೆ. 120 ಹರ್ಟ್ಜ್ ಪರದೆಯಲ್ಲಿ ಪ್ರತಿ ಚಿತ್ರವೂ ಸಮವಾಗಿ ಐದು ಬಾರಿ ಬರುವುದರಿಂದ ಈ ತೊಂದರೆಯಿಲ್ಲ. ಕೆಲವು ಕಂಪನಿಗಳು ನಿಜವಾದ 60 ಹರ್ಟ್ಜ್ ಪರದೆಗೆ ಮೋಷನ್ ರೇಟ್ ಮುಂತಾದ ತಮ್ಮದೇ ಹೆಸರಿನಲ್ಲಿ ಇಮ್ಮಡಿ ಅಂಕಿಯನ್ನು ಅಚ್ಚು ಹಾಕುವುದುಂಟು. ಆದುದರಿಂದ ಪ್ಯಾನೆಲ್‌ನ ಮೂಲ ರಿಫ್ರೆಶ್ ರೇಟ್ ಎಷ್ಟು ಎಂದೇ ಕೇಳಬೇಕು. ವಾರ್ತೆ, ಧಾರಾವಾಹಿಗಳಿಗೆ 60 ಹರ್ಟ್ಜ್ ಸಾಕು. ವಿಡಿಯೊ ಗೇಮ್ ಆಡುವ ಮಕ್ಕಳಿರುವ ಮನೆಗೆ 120 ಹರ್ಟ್ಜ್ ಮತ್ತು ಅದಕ್ಕೆ ಬೇಕಾದ ಎಚ್‌ಡಿಎಂಐ 2.1 ಪೋರ್ಟ್ ಉಪಯುಕ್ತ.

5. ಪೋರ್ಟ್, ಧ್ವನಿ ಮತ್ತು ತಂತ್ರಾಂಶವನ್ನು ನೋಡುವುದು

ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಸ್ಟಿಕ್ ಅಥವಾ ಗೇಮ್ ಯಂತ್ರ ಇಷ್ಟಕ್ಕೇ ಮೂರು ಎಚ್‌ಡಿಎಂಐ ಪೋರ್ಟ್‌ಗಳು ಬೇಕಾಗುವುದರಿಂದ ಅದಕ್ಕಿಂತ ಕಡಿಮೆ ಇರುವ ಟಿವಿಯನ್ನು ಆರಿಸದಿರುವುದು ಒಳ್ಳೆಯದು. ಅವುಗಳಲ್ಲಿ ಒಂದರ ಮೇಲೆ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರಬೇಕು. ಟಿವಿಯ ಧ್ವನಿಯನ್ನು ಸೌಂಡ್‌ಬಾರ್‌ಗೆ ಹಿಂದಿರುಗಿಸುವ ದಾರಿ ಅದು. ತೆಳ್ಳನೆಯ ಟಿವಿಯೊಳಗೆ ಸ್ಪೀಕರ್‌ಗೆ ಜಾಗ ಕಡಿಮೆ, ಇದ್ದ ಸ್ಪೀಕರ್ ಕೂಡ ಹೆಚ್ಚಾಗಿ ಕೆಳಮುಖವಾಗಿರುತ್ತದೆ. ಮಾತು ಸ್ಪಷ್ಟವಾಗದಿರುವುದಕ್ಕೆ ಕಾರಣ ಇದೇ. ಹಿರಿಯರಿರುವ ಮನೆಯವರು ಟಿವಿಯ ಬಜೆಟ್ಟಿನಲ್ಲಿಯೇ ಒಂದು ಸಾಧಾರಣ ಸೌಂಡ್‌ಬಾರ್‌ಗೆ ಹಣ ತೆಗೆದಿಡುವುದು ವಿವೇಕ.

ಗೂಗಲ್ ಟಿವಿ, ವೆಬ್‌ಒಎಸ್, ಟೈಜೆನ್, ಫೈರ್ ಟಿವಿ ಮೊದಲಾದ ತಂತ್ರಾಂಶಗಳಲ್ಲಿ ಯಾವುದಿದ್ದರೂ ಮನೆಯವರು ಬಳಸುವ ಆ್ಯಪ್‌ಗಳು ಅಧಿಕೃತವಾಗಿ ನಡೆಯುತ್ತವೆಯೇ ಎಂಬುದೇ ಮುಖ್ಯ. ಒಟಿಟಿ ಸೇವೆಗಳ ಪ್ರಮಾಣೀಕರಣ ಪಡೆಯದ ಅಗ್ಗದ ಟಿವಿಗಳಲ್ಲಿ ಆ್ಯಪ್ ತೆರೆದುಕೊಂಡರೂ ಚಿತ್ರ ಕಡಿಮೆ ಗುಣಮಟ್ಟದಲ್ಲಿಯೇ ನಿಲ್ಲುವುದುಂಟು.

6. ಅಂಗಡಿಯಲ್ಲಿ ಪರೀಕ್ಷಿಸುವುದು

ಅಂಗಡಿಯಲ್ಲಿ ಟಿವಿಗಳನ್ನು ಹೊಳಪು, ಬಣ್ಣ ಎರಡನ್ನೂ ಗರಿಷ್ಠಕ್ಕೇರಿಸಿದ ಪ್ರದರ್ಶನದ ಸ್ಥಿತಿಯಲ್ಲಿಟ್ಟು, ಅದಕ್ಕೆಂದೇ ಚಿತ್ರಿಸಿದ ಹೂವು, ಹಕ್ಕಿ, ಜಲಪಾತಗಳ ದೃಶ್ಯ ಓಡಿಸುತ್ತಾರೆ. ಆ ದೃಶ್ಯದಲ್ಲಿ ಎಲ್ಲ ಟಿವಿಯೂ ಚೆನ್ನಾಗಿಯೇ ಕಾಣುವುದರಿಂದ ಕೊಳ್ಳುವವರು ಕೆಳಗಿನ ಪರೀಕ್ಷೆಗಳನ್ನು ಮಾಡಿಸಬೇಕು.

ಮೊದಲನೆಯದಾಗಿ, ಪಿಕ್ಚರ್ ಮೋಡನ್ನು ಸಿನಿಮಾ ಅಥವಾ ಸ್ಟ್ಯಾಂಡರ್ಡ್‌ಗೆ ಬದಲಿಸಲು ಹೇಳಿ, ಮನುಷ್ಯರ ಮುಖದ ಬಣ್ಣ ಸಹಜವಾಗಿದೆಯೇ ಎಂದು ನೋಡಬೇಕು. ಎರಡನೆಯದಾಗಿ, ಸೆಟ್‌ಟಾಪ್ ಬಾಕ್ಸಿನ ಮೂಲಕ ಒಂದು ಎಸ್‌ಡಿ ಚಾನೆಲ್ ಹಾಕಿಸಿ, ಮನೆಯಲ್ಲಿ ಅಳೆದ ದೂರದಷ್ಟೇ ಹಿಂದೆ ನಿಂತು, ಅಕ್ಷರಗಳ ಅಂಚು ಹೇಗಿದೆ ಎಂದು ಪರಿಶೀಲಿಸಬೇಕು. ಮೂರನೆಯದಾಗಿ, ರಾತ್ರಿಯ ದೃಶ್ಯವೊಂದನ್ನು ಹಾಕಿಸಿ, ಕಪ್ಪು ಭಾಗದಲ್ಲಿ ಮೂಲೆಗಳಿಂದ ಬೆಳಕು ಸೋರುತ್ತದೆಯೇ, ಬಿಳಿ ಅಕ್ಷರಗಳ ಸುತ್ತ ಮಬ್ಬು ಪ್ರಭೆ ಹರಡುತ್ತದೆಯೇ ಎಂದು ನೋಡಬೇಕು. ನಾಲ್ಕನೆಯದಾಗಿ, ಪರದೆಯ ಎಡಬಲಗಳಿಗೆ ಸರಿದೂ ಕುಳಿತೂ ನೋಡಿ ಬಣ್ಣದ ಬದಲಾವಣೆಯನ್ನು ಗುರುತಿಸಬೇಕು. ಕೊನೆಯದಾಗಿ, ರಿಮೋಟ್ ಕೈಗೆ ತೆಗೆದುಕೊಂಡು ಆ್ಯಪ್‌ಗಳ ನಡುವೆ ಓಡಾಡಿ, ಟಿವಿ ತಡವರಿಸುತ್ತದೆಯೇ ಎಂಬುದನ್ನೂ ಮನೆಯ ಹಿರಿಯರಿಗೆ ರಿಮೋಟ್ ಒಗ್ಗುತ್ತದೆಯೇ ಎಂಬುದನ್ನೂ ತಿಳಿಯಬೇಕು.

ಬೆಲೆಯ ವಿಚಾರದಲ್ಲಿ ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಬರೆದುಕೊಂಡು ಹೋಲಿಸಬೇಕು. ಒಂದೇ ಸಾಲಿನ ಎರಡು ಮಾದರಿಗಳಲ್ಲಿ ಪ್ಯಾನೆಲ್ ಬೇರೆಯಾಗಿರಬಹುದು. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18ಕ್ಕೆ ಇಳಿದಿದೆ, ಬಿಲ್‌ನಲ್ಲಿ ಇದನ್ನು ನೋಡಿಕೊಳ್ಳಬೇಕು. ವಿದ್ಯುತ್ ಖರ್ಚಿಗೆ ಇಂಧನ ದಕ್ಷತಾ ಬ್ಯೂರೊದ ನಕ್ಷತ್ರ ಪಟ್ಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಓದಬೇಕು. 120 ವ್ಯಾಟ್‌ನ ಟಿವಿ ದಿನಕ್ಕೆ 5 ಗಂಟೆ ನಡೆದರೆ ತಿಂಗಳಿಗೆ 18 ಯೂನಿಟ್ ಆಗುತ್ತದೆ.

7. ಗೋಡೆ ಮತ್ತು ಎತ್ತರವನ್ನು ಸಿದ್ಧಪಡಿಸುವುದು

ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಇದೇ ಎತ್ತರಕ್ಕೆ ಬಂದರೆ ಕುತ್ತಿಗೆಗೆ ಶ್ರಮವಿಲ್ಲ. 55 ಇಂಚಿನ ಟಿವಿಗೆ ಇದರ ಅರ್ಥ, ಕೆಳಅಂಚು ನೆಲದಿಂದ ಎರಡೂಕಾಲಿನಿಂದ ಎರಡೂವರೆ ಅಡಿಯಲ್ಲಿರಬೇಕು ಎಂದು. ಕಿಟಕಿಗೆ ನೇರ ಎದುರಿನ ಗೋಡೆಯನ್ನು ಬಿಟ್ಟು, ಕಿಟಕಿಗೆ ಲಂಬವಾಗಿರುವ ಗೋಡೆಯನ್ನು ಆರಿಸಿದರೆ ಪ್ರತಿಬಿಂಬದ ಕಾಟ ತಪ್ಪುತ್ತದೆ.

ಟಿವಿಯ ಬೆನ್ನಿನ ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರಕ್ಕೆ ವೆಸಾ ಅಳತೆ ಎಂದು ಹೆಸರು. ಬ್ರಾಕೆಟ್ ಆ ಅಳತೆಗೂ ಟಿವಿಯ ತೂಕಕ್ಕೂ ತಕ್ಕದ್ದಾಗಿರಬೇಕು. ಇಟ್ಟಿಗೆ ಮತ್ತು ಕಾಂಕ್ರೀಟ್ ಗೋಡೆ ಭಾರವನ್ನು ಚೆನ್ನಾಗಿ ತಾಳುತ್ತದೆ. ಟೊಳ್ಳು ಬ್ಲಾಕ್, ಜಿಪ್ಸಂ ಹಲಗೆ, ಕರಾವಳಿಯ ಹಳೆಯ ಕೆಂಪುಕಲ್ಲಿನ ಗೋಡೆ ಮತ್ತು ಮಣ್ಣಿನ ಗೋಡೆಗಳಲ್ಲಿ ಸಾಮಾನ್ಯ ಬೋಲ್ಟ್ ಸಡಿಲಗೊಳ್ಳುವ ಸಂಭವವಿರುವುದರಿಂದ, ಅಲ್ಲಿ ಗಟ್ಟಿಮುಟ್ಟಾದ ಟೇಬಲ್ಲಿನ ಮೇಲೆ ಇಡುವುದೇ ಕ್ಷೇಮ.

ಎಚ್ಚರಿಕೆಗಳು

ಸಿಡಿಲಿನ ಬಗ್ಗೆ: ಮಾರ್ಚ್‌ನಿಂದ ಮೇವರೆಗಿನ ಗುಡುಗುಮಳೆಯ ದಿನಗಳಲ್ಲಿ ಸ್ವಿಚ್ ಆರಿಸುವುದು ಸಾಲದು, ಪ್ಲಗ್ಗನ್ನೂ ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ಕೇಬಲ್ಲನ್ನೂ ಮಳೆ ಆರಂಭವಾಗುವ ಮೊದಲೇ ಬಿಡಿಸಿಡಬೇಕು. ಏಕೆಂದರೆ ಸಿಡಿಲಿನ ಪ್ರವಾಹ ಮಹಡಿಯ ಮೇಲಿನ ಡಿಶ್‌ನಿಂದ ಕೇಬಲ್ ಮೂಲಕವೂ ಎಚ್‌ಡಿಎಂಐ ತಂತಿಯ ಮೂಲಕವೂ ಟಿವಿಗೆ ತಲುಪಬಲ್ಲದು.

ತೇವದ ಬಗ್ಗೆ: ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದಲ್ಲಿ ನೀರು ಹೀರುವ ಹೊರಗೋಡೆಗೆ ಟಿವಿಯನ್ನು ಒತ್ತಿ ಹಾಕಬಾರದು, ಒಳಗೋಡೆಯನ್ನು ಆರಿಸಿ, ಗಾಳಿಯಾಡಲು ಹಿಂದೆ ಜಾಗ ಬಿಡಬೇಕು.

ಗೋಡೆಯೊಳಗಿನ ತಂತಿಯ ಬಗ್ಗೆ: ಸ್ವಿಚ್‌ಬೋರ್ಡ್‌ನ ನೇರ ಮೇಲೆ ಅಥವಾ ಕೆಳಗೆ ವೈರಿಂಗ್ ಪೈಪ್ ಹೋಗಿರುವ ಸಂಭವ ಹೆಚ್ಚು, ಅಲ್ಲಿ ಡ್ರಿಲ್ ಮಾಡಬಾರದು.

ಮಕ್ಕಳ ಬಗ್ಗೆ: ಟೇಬಲ್ ಮೇಲಿಟ್ಟ ದೊಡ್ಡ ಟಿವಿಯನ್ನು ಮಗು ಹಿಡಿದು ಎಳೆದರೆ ಅದು ಮುಂದಕ್ಕೆ ಮಗುಚಿ ಪ್ರಾಣಾಪಾಯವಾಗಬಹುದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಟಿವಿಯ ಬೆನ್ನನ್ನು ಗಟ್ಟಿ ಪಟ್ಟಿಯಿಂದ ಗೋಡೆಗೆ ಬಿಗಿಯಲೇಬೇಕು.

ಸಾಗಣೆಯ ಬಗ್ಗೆ: ದೊಡ್ಡ ಟಿವಿಯ ಪೆಟ್ಟಿಗೆಯನ್ನು ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಿದರೆ ಪರದೆ ಸೀಳಬಹುದು. ಪೆಟ್ಟಿಗೆ ಟಿವಿಗಿಂತಲೂ ಅಗಲವಾಗಿರುವುದರಿಂದ ಲಿಫ್ಟ್ ಮತ್ತು ಮೆಟ್ಟಿಲಿನ ತಿರುವನ್ನು ಮೊದಲೇ ಅಳೆಯಬೇಕು. ತಲುಪಿಸಿದವರ ಎದುರಿನಲ್ಲೇ ಪೆಟ್ಟಿಗೆ ಬಿಚ್ಚಿಸಿ, ವಿಡಿಯೊ ಮಾಡಿಕೊಂಡು, ಪರದೆ ಬೆಳಗಿಸಿ ನೋಡಿದ ಮೇಲೆಯೇ ಸಹಿ ಹಾಕಬೇಕು.

ವಾರಂಟಿಯ ಬಗ್ಗೆ: ಪ್ಯಾನೆಲ್ ಕೆಟ್ಟರೆ ದುರಸ್ತಿಯ ಖರ್ಚು ಹೊಸ ಟಿವಿಯ ಬೆಲೆಯನ್ನೇ ಮುಟ್ಟಬಹುದು. ಆದುದರಿಂದ ಪ್ಯಾನೆಲ್‌ಗೆ ಎಷ್ಟು ವರ್ಷದ ವಾರಂಟಿ, ತಮ್ಮ ಊರಿಗೆ ಅಥವಾ ತಾಲ್ಲೂಕು ಕೇಂದ್ರಕ್ಕೆ ಸರ್ವಿಸ್ ದೊರೆಯುತ್ತದೆಯೇ ಎಂಬುದನ್ನು ಕೇಳಿಯೇ ಹಣ ಕೊಡಬೇಕು. ದೂರು ಪರಿಹಾರವಾಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಎರಡಕ್ಕೂ ನೆರವಾಗುವುದರಿಂದ ಬಿಲ್ಲನ್ನು ಜೋಪಾನವಾಗಿಡಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಎಚ್‌ಡಿ ಸೆಟ್‌ಟಾಪ್ ಬಾಕ್ಸನ್ನು ಕೆಂಪು, ಬಿಳಿ, ಹಳದಿ ಬಣ್ಣದ ಹಳೆಯ ಎವಿ ಕೇಬಲ್‌ನಿಂದಲೇ ಜೋಡಿಸುವುದು. ಆ ಕೇಬಲ್ ಎಚ್‌ಡಿ ಚಿತ್ರವನ್ನು ಸಾಗಿಸಲಾರದು. ಎಚ್‌ಡಿ ಚಂದಾ ಕಟ್ಟಿಯೂ ಮನೆಯವರು ಎಸ್‌ಡಿಯನ್ನೇ ನೋಡುತ್ತಿರುತ್ತಾರೆ. ಎಚ್‌ಡಿಎಂಐ ಕೇಬಲ್ ಬಳಸಿ, ಬಾಕ್ಸಿನ ಸೆಟ್ಟಿಂಗ್‌ನಲ್ಲಿ 1080 ಸಾಲುಗಳ ಆಯ್ಕೆಯನ್ನು ಹಾಕಬೇಕು.

2. ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ಪರದೆ ತುಂಬುವಂತೆ ಎಳೆಯುವುದು. ಆ ಚಿತ್ರಗಳ ಅನುಪಾತ 4:3ಕ್ಕೆ ಹತ್ತಿರವಿದ್ದು, ಎಡಬಲಗಳಲ್ಲಿ ಕಪ್ಪು ಪಟ್ಟಿ ಬರುವುದೇ ಸರಿ. ಎಳೆದರೆ ಕಲಾವಿದರ ಮುಖ ಅಗಲವಾಗುತ್ತದೆ, ನೃತ್ಯದ ಅಂದ ಕೆಡುತ್ತದೆ. ಅಂತೆಯೇ ಇಂದಿನ ಸಿನಿಮಾಸ್ಕೋಪ್ ಚಿತ್ರಗಳಲ್ಲಿ ಮೇಲೆ ಕೆಳಗೆ ಪಟ್ಟಿ ಬರುವುದು ಟಿವಿಯ ದೋಷವಲ್ಲ.

3. ಟಿವಿಯನ್ನು ಕೂತವರ ಕಣ್ಣಿನ ಮಟ್ಟಕ್ಕಿಂತ ಬಹಳ ಎತ್ತರಕ್ಕೆ ಏರಿಸುವುದು. ನಿಂತು ನೋಡಿ ಎತ್ತರ ಗುರುತಿಸುವುದರಿಂದ ಆಗುವ ತಪ್ಪು ಇದು. ಕೂತು ಗುರುತು ಹಾಕಿಸಬೇಕು.

4. ಪ್ರದರ್ಶನದ ವಿವಿಡ್ ಮೋಡಿನಲ್ಲಿಯೇ ವರ್ಷಗಟ್ಟಲೆ ನೋಡುವುದು. ಇದರಿಂದ ಕಣ್ಣಿಗೆ ದಣಿವು, ವಿದ್ಯುತ್ ಖರ್ಚೂ ಹೆಚ್ಚು.

5. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಸಿನಿಮಾಕ್ಕೂ ಬಿಡುವುದು. ಎರಡು ಚಿತ್ರಗಳ ನಡುವೆ ತಾನೇ ಊಹಿಸಿದ ಚಿತ್ರವೊಂದನ್ನು ಟಿವಿ ಸೇರಿಸುವುದರಿಂದ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಕ್ರಿಕೆಟ್‌ಗೆ ಇದನ್ನು ಇಟ್ಟುಕೊಳ್ಳಬಹುದು, ಸಿನಿಮಾಕ್ಕೆ ಆಫ್ ಮಾಡಬೇಕು.

6. ಮೊದಲ ಬಾರಿ ಟಿವಿ ಸಿದ್ಧಪಡಿಸುವಾಗ ಎಲ್ಲ ಷರತ್ತುಗಳಿಗೂ ಓದದೆ ಒಪ್ಪಿಗೆ ಕೊಡುವುದು. ಅನೇಕ ಸ್ಮಾರ್ಟ್ ಟಿವಿಗಳು ಪರದೆಯ ಮೇಲೆ ಏನು ಓಡುತ್ತಿದೆ ಎಂಬುದನ್ನು ಗುರುತಿಸಿ ಜಾಹೀರಾತಿಗೆ ಬಳಸಿಕೊಳ್ಳುತ್ತವೆ. ಪ್ರೈವೆಸಿ ವಿಭಾಗದಲ್ಲಿ ಇದನ್ನು ಆಫ್ ಮಾಡುವ ಅವಕಾಶವಿರುತ್ತದೆ.

7. ಪರದೆಗೆ ಗಾಜು ಒರೆಸುವ ದ್ರವ ಸಿಂಪಡಿಸುವುದು. ಮೈಕ್ರೊಫೈಬರ್ ಬಟ್ಟೆಯಿಂದ ಒಣದಾಗಿ, ಒತ್ತದೆ ಒರೆಸಿದರೆ ಸಾಕು.

ನಿರ್ಧಾರದ ಕ್ರಮ

ಮೇಲಿನ ವಿವರಗಳೆಲ್ಲ ಒಂದೇ ಚೀಟಿಯಲ್ಲಿ ಅಡಗುವಂಥವು. ಅಂಗಡಿಗೆ ಹೊರಡುವ ಮೊದಲು ಕೂರುವ ದೂರ, ಅದರಿಂದ ಬಂದ ಗಾತ್ರದ ಮಿತಿ, ಹೆಚ್ಚು ನೋಡುವ ಮೂರು ಚಾನೆಲ್ ಅಥವಾ ಆ್ಯಪ್, ಹಗಲಿನಲ್ಲಿ ಹಾಲ್‌ಗೆ ಬೀಳುವ ಬೆಳಕು, ಬದಿಯಲ್ಲಿ ಕೂರುವವರಿದ್ದಾರೆಯೇ ಎಂಬುದು, ಸೌಂಡ್‌ಬಾರ್ ಸೇರಿದಂತೆ ಒಟ್ಟು ಬಜೆಟ್ ಇಷ್ಟನ್ನು ಬರೆದುಕೊಂಡರೆ, ಗಾತ್ರ ಮೊದಲು, ಪ್ಯಾನೆಲ್ ಆಮೇಲೆ, ಹೊಳಪು ಮತ್ತು ರಿಫ್ರೆಶ್ ರೇಟ್ ಅದರ ನಂತರ, ಆ್ಯಪ್ ಮತ್ತು ಇತರ ಸೌಲಭ್ಯಗಳು ಕೊನೆಗೆ ಎಂಬ ಕ್ರಮದಲ್ಲಿ ಆಯ್ಕೆ ತಾನಾಗಿಯೇ ಎರಡು ಮೂರು ಮಾದರಿಗಳಿಗೆ ಇಳಿಯುತ್ತದೆ. ಹಣ ಸಾಲದಿದ್ದಾಗ ಗಾತ್ರವನ್ನು ಒಂದು ಹಂತ ಇಳಿಸಿ ಉತ್ತಮ ಪ್ಯಾನೆಲ್ ಪಡೆಯುವುದು, ದೊಡ್ಡ ಗಾತ್ರದ ಮಂಕು ಪರದೆಗಿಂತ ಮೇಲು. ಟಿವಿ ಸಾಮಾನ್ಯವಾಗಿ ಅನೇಕ ವರ್ಷ ಮನೆಯಲ್ಲಿ ಉಳಿಯುವ, ಮನೆಮಂದಿಯೆಲ್ಲ ಒಟ್ಟಿಗೆ ಬಳಸುವ ವಸ್ತುವಾದುದರಿಂದ, ಅಜ್ಜಿಯ ಭಕ್ತಿಗೀತೆಯ ಕಾರ್ಯಕ್ರಮದಿಂದ ಮಕ್ಕಳ ಆಟದವರೆಗೆ ಎಲ್ಲರ ಬಳಕೆಯನ್ನೂ ಆ ಚೀಟಿಯಲ್ಲಿ ಸೇರಿಸಿ, ಎಲ್ಲರನ್ನೂ ಕೇಳಿಯೇ ತೀರ್ಮಾನಿಸುವುದು ಉಚಿತ.